ಮೊದಲ ಎಟಿವಿ: ಕೆಲಸಕ್ಕೂ ಆಗಬೇಕು, ಓಟಕ್ಕೂ ಆಗಬೇಕು ಎನ್ನುವವರಿಗೆ ಐದು ಗಾಡಿಗಳ ಹೋಲಿಕೆ

ಮೊದಲ ಎಟಿವಿ (ಕಾಡುಮೇಡಿನ ನೆಲಕ್ಕೆಂದೇ ಮಾಡಿದ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಕೊಳ್ಳುವವರು ಬಾಯಿ ತೆರೆದ ಕೂಡಲೇ ಕೇಳುವುದು "ಎಷ್ಟು ಸಿಸಿ?" ಎಂದು. ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಹಿಂದಿನ ಆಕ್ಸಲ್ ಯಾವ ಬಗೆಯದು. ಎರಡನೆಯದು, ಎಂಜಿನ್‌ನ ಬಲ ಚಕ್ರಕ್ಕೆ ಗೇರ್‌ಗಳ ಮೂಲಕ ಹೋಗುತ್ತದೋ ಬೆಲ್ಟ್ ಮೂಲಕವೋ. ಒಂದು ದಿನ ಟ್ರೇಲರ್ ಎಳೆದು ಮರುದಿನ ಕಾಡುಜಾಡಿನಲ್ಲಿ ಹಗುರಾಗಿ ಓಡಬೇಕಾದ ಗಾಡಿಯ ಸ್ವಭಾವವನ್ನು ಬಹುಪಾಲು ಈ ಎರಡೇ ತೀರ್ಮಾನಿಸುತ್ತವೆ.

ಇಲ್ಲಿ ಎದುರುಬದುರು ಇಟ್ಟಿರುವುದು ಯಮಾಹಾ ರಾಪ್ಟರ್ 700ಆರ್, ಹೋಂಡಾ ರಾಂಚರ್ 420, ಯಮಾಹಾ ಗ್ರಿಜ್ಲಿ 700, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಮತ್ತು ಕ್ಯಾನ್-ಆಮ್ ರೆನೆಗೇಡ್ 570. ಸಡಿಲ ಜಲ್ಲಿಯ ಏರು, ಕೆಸರು, ಬೇರು-ಕಲ್ಲಿನ ಜಾಡು, ಗಟ್ಟಿ ಮಣ್ಣಿನ ತಿರುವು ಈ ನಾಲ್ಕು ಬಗೆಯ ನೆಲದಲ್ಲಿ ಓಡಿಸಿ ನೋಡಿದ ಮೇಲಿನ ಅಭಿಪ್ರಾಯಗಳಿವು. ಹೋಲಿಸುವ ಮುನ್ನ ಟೈರ್ ಗಾಳಿ ಸರಿಮಾಡದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಎಟಿವಿ ಟೈರ್‌ಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಸಾಕು. ಕಾರಿನ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ನಂಬುವಂತೆ ತೋರಿಸುವುದಿಲ್ಲ, ಅದಕ್ಕೆಂದೇ ಬರುವ ಲೋ-ಪ್ರೆಶರ್ ಗೇಜ್ ಬೇಕು. ಎಡಕ್ಕೂ ಬಲಕ್ಕೂ 1 ಪಿಎಸ್‌ಐ ವ್ಯತ್ಯಾಸ ಬಂದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾಳಿ ಹೆಚ್ಚಾದರೆ ಎಂಥ ಒಳ್ಳೆಯ ಸಸ್ಪೆನ್ಷನ್ ಇದ್ದರೂ ಗಾಡಿ ಪುಟಿಯುತ್ತದೆ, ಸವಾರ ಶಾಕ್ ಅಬ್ಸಾರ್ಬರನ್ನು ಬೈಯುತ್ತಾನೆ.

ಹಿಂದಿನ ಆಕ್ಸಲ್

ಸಾಲಿಡ್ ಆಕ್ಸಲ್ ಎಂದರೆ ಎರಡೂ ಹಿಂಚಕ್ರಗಳು ಒಂದೇ ದಂಡಕ್ಕೆ ಬಿಗಿದು, ಆ ದಂಡ ಸ್ವಿಂಗ್‌ಆರ್ಮ್ (ಮೇಲೆ ಕೆಳಗೆ ಆಡುವ ತೋಳು) ಮೇಲೆ ಕೂತಿರುವ ಏರ್ಪಾಟು. ಗಾಡಿ ತಿರುಗುವಾಗ ಹೊರಚಕ್ರ ಹೆಚ್ಚು ದೂರ ಕ್ರಮಿಸಬೇಕು, ಆದರೆ ಇಲ್ಲಿ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಹಾಗಾಗಿ ಒಂದು ಚಕ್ರ ಜಾರಲೇಬೇಕು. ಸಡಿಲ ಮಣ್ಣಿನಲ್ಲಿ ಇದೇ ಮಜಾ: ಹಿಂಭಾಗ ಮುನ್ಸೂಚನೆ ಕೊಟ್ಟು ನಿಧಾನಕ್ಕೆ ಜಾರುತ್ತದೆ, ಥ್ರಾಟಲ್‌ನಲ್ಲೇ ತಿರುವನ್ನು ತಿದ್ದಬಹುದು. ಗಟ್ಟಿ ನೆಲದಲ್ಲಿ ಅದೇ ಗುಣ ತಿರುಗುಬಾಣ. ಹಿಂಚಕ್ರಗಳು ಗಾಡಿಯನ್ನು ನೇರಕ್ಕೆ ತಳ್ಳುತ್ತವೆ, ಹ್ಯಾಂಡಲ್ ತಿರುಗಿಸಿದರೂ ಮುಂಚಕ್ರ ಹೊರಕ್ಕೆ ಸರಿಯುತ್ತದೆ. ಸವಾರ ಸೀಟಿನಿಂದ ಸರಿದು ದೇಹದ ಭಾರವನ್ನು ತಿರುವಿನ ಒಳಬದಿಗೆ ಹಾಕಲು ಕಲಿಯುವವರೆಗೆ ಇದು ಕಾಡುತ್ತದೆ. ಎಟಿವಿಯನ್ನು ಡಾಂಬರು ರಸ್ತೆಯಲ್ಲಿ ಓಡಿಸಬೇಡಿ ಎಂದು ಕೈಪಿಡಿಗಳು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಪ್ರತಿ ಹಿಂಚಕ್ರ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ, ನಡುವಿನ ಗೇರ್‌ಕೇಸ್ ಎತ್ತರದಲ್ಲಿ ಉಳಿಯುತ್ತದೆ. ಕಲ್ಲು, ಬೇರು, ಗಾಡಿಜಾಡಿನ ಆಳ ಗೆರೆಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಭಾರ ಹೇರಿದಾಗ ಗಾಡಿ ಕುಸಿಯುತ್ತದೆ, ಕುಸಿದಷ್ಟೂ ನೆಲದಿಂದಿರುವ ಅಂತರ ಕಡಿಮೆಯಾಗುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಎಷ್ಟೇ ಹೇರಿದರೂ ಆಕ್ಸಲ್ ಕೆಳಗಿನ ಅಂತರ ಹೆಚ್ಚುಕಡಿಮೆ ಟೈರಿನ ಎತ್ತರ ನಿರ್ಧರಿಸಿದಷ್ಟೇ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಇಂಡಿಪೆಂಡೆಂಟ್ ಎಂದರೆ ಹಿಂದೆಯೂ ಸಿವಿ ಜಾಯಿಂಟ್‌ಗಳು (ಚಕ್ರ ಆಡಿದರೂ ಬಲ ಸಾಗಿಸುವ ಕೀಲುಗಳು), ಅವುಗಳ ಮೇಲೆ ರಬ್ಬರ್ ಬೂಟ್‌ಗಳು. ಬೂಟ್ ಹರಿದದ್ದು ಆ ದಿನವೇ ಕಣ್ಣಿಗೆ ಬಿದ್ದರೆ ಖರ್ಚು ಬೂಟ್‌ನದಷ್ಟೇ. ನೋಡದೆ ಕೆಸರಿಗಿಳಿದರೆ ಗ್ರೀಸ್ ಹೋಗಿ ಮರಳು ಸೇರಿ ಜಾಯಿಂಟ್ ಪೂರ್ತಿ ಹಾಳು.

ರಾಪ್ಟರ್: ಒಂದು ತುದಿ

686 ಸಿಸಿ, ಐದು ಗೇರ್ ಜೊತೆಗೆ ರಿವರ್ಸ್, ಚೈನ್, ಹಿಂಚಕ್ರಕ್ಕೆ ಮಾತ್ರ ಚಾಲನೆ, ತೂಕ ಸುಮಾರು 190 ಕೆ.ಜಿ. ಸಸ್ಪೆನ್ಷನ್ ಮುಂದೆ ಸುಮಾರು 230 ಮಿ.ಮೀ., ಹಿಂದೆ 256 ಮಿ.ಮೀ. ಆಡುತ್ತದೆ. ಓಟದ ಸುಖದಲ್ಲಿ ಈ ಐದರಲ್ಲಿ ಇದಕ್ಕೆ ಎದುರಿಲ್ಲ. ಕೆಲಸಕ್ಕೆ ಹಚ್ಚಿದರೆ ಮಾತ್ರ ಒಂದೊಂದೇ ಕೊರತೆ ಎದ್ದು ಬರುತ್ತದೆ. ರ‍್ಯಾಕ್ ಇಲ್ಲ. ಹಿಂದಿನ 20 ಇಂಚಿನ ಟೈರ್‌ನಿಂದಾಗಿ ನೆಲದಿಂದ 112 ಮಿ.ಮೀ. ಅಂತರವಷ್ಟೇ. ಮೊದಲ ಗೇರ್ ನಡಿಗೆಯ ವೇಗಕ್ಕೆ ಹೊಂದುವಂಥದ್ದಲ್ಲ, ಭಾರ ಎಳೆಯುತ್ತ ನಿಧಾನಕ್ಕೆ ಏರು ಹತ್ತಬೇಕೆಂದರೆ ಕ್ಲಚ್ ಅರ್ಧ ಹಿಡಿದೇ ಇರಬೇಕು. ಹಾಗೆ ಹಿಡಿದರೆ ಪ್ಲೇಟ್‌ಗಳು ಸುಡುತ್ತವೆ. ಕೆಸರಿನಲ್ಲಿ ಚೈನ್ ಮತ್ತು ಸ್ಪ್ರಾಕೆಟ್ ಬೇಗ ಸವೆಯುತ್ತವೆ.

ಕೆಲಸವೇ ಇಲ್ಲ, ಕಲಿಯಬೇಕು, ಆಡಬೇಕು ಎನ್ನುವ ಹೊಸಬರಿಗೂ ರಾಪ್ಟರ್ ಬೇಡ, ಶಕ್ತಿ ಹೆಚ್ಚಾಯಿತು. ಅವರು ಹೋಂಡಾ ಟಿಆರ್‌ಎಕ್ಸ್250ಎಕ್ಸ್ ನೋಡಲಿ. 229 ಸಿಸಿ, ರಿವರ್ಸ್ ಇದೆ, ಕ್ಲಚ್ ಹಿಡಿಯದೆ ನಿಲ್ಲಿಸಿದರೂ ಎಂಜಿನ್ ಆಫ್ ಆಗುವುದಿಲ್ಲ.

ರಾಂಚರ್: ಸರಳತೆಯ ಬಲ

ರಾಂಚರ್ ಹಲವು ರೂಪಗಳಲ್ಲಿ ಬರುತ್ತದೆ. ಕಾಲಿನಿಂದ ಗೇರ್ ಹಾಕುವ, ಸಾಲಿಡ್ ಆಕ್ಸಲ್‌ನ 4×4 (ನಾಲ್ಕೂ ಚಕ್ರಕ್ಕೆ ಚಾಲನೆ) ರೂಪದ ಬಗ್ಗೆ ಈ ಮಾತು. ಕ್ಲಚ್ ಲಿವರ್ ಇಲ್ಲ, ಸೆಂಟ್ರಿಫ್ಯೂಗಲ್ ಕ್ಲಚ್ ತಾನೇ ಹಿಡಿದು ಬಿಡುತ್ತದೆ. ಎಂಜಿನ್ ಉದ್ದುದ್ದ ಕೂತಿರುವುದರಿಂದ ಬಲ ನೇರವಾಗಿ ಶಾಫ್ಟ್‌ಗೆ ಹೋಗುತ್ತದೆ. ಚೈನ್ ಇಲ್ಲ, ಬೆಲ್ಟ್ ಇಲ್ಲ. ಇಳಿಜಾರಿನಲ್ಲಿ ಗೇರ್ ಇಳಿಸಿ ಥ್ರಾಟಲ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ; ಇದೇ ಎಂಜಿನ್ ಬ್ರೇಕಿಂಗ್. ಹೊಸ ಸವಾರನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ.

ರ‍್ಯಾಕ್ ಮೇಲೆ ಮುಂದೆ 30, ಹಿಂದೆ 60 ಕೆ.ಜಿ., ಎಳೆಯಲು 385 ಕೆ.ಜಿ. ಇದು ಐದರಲ್ಲಿ ದೊಡ್ಡ ಅಂಕಿಯಲ್ಲ, ಆದರೆ ದಿನನಿತ್ಯದ ಬಹಳಷ್ಟು ಕೆಲಸಕ್ಕೆ ಸಾಕು. ತೊಂದರೆ ಎರಡು ಕಡೆ. ಕಲ್ಲುಜಾಡಿನಲ್ಲಿ ಆಕ್ಸಲ್‌ನ ನಡುಭಾಗ ತಾಗುತ್ತದೆ, ದೂರ ಓಡಿದರೆ ಸೊಂಟಕ್ಕೆ ಗೊತ್ತಾಗುತ್ತದೆ. ಎರಡನೆಯದು ಬಳಕೆಯ ತಪ್ಪು: ಮೊದಲ ಗೇರ್ ತೀರಾ ಚಿಕ್ಕದೆಂದು ಭಾರ ಹೇರಿಕೊಂಡೇ ಎರಡನೆಯ, ಮೂರನೆಯ ಗೇರ್‌ನಲ್ಲಿ ಹೊರಡುವವರಿದ್ದಾರೆ. ಸೆಂಟ್ರಿಫ್ಯೂಗಲ್ ಕ್ಲಚ್ ಅಷ್ಟೂ ಹೊತ್ತು ಜಾರುತ್ತಲೇ ಇದ್ದು ಸವೆದುಹೋಗುತ್ತದೆ. ಹಳೆಯ ರಾಂಚರ್ ನೋಡುವಾಗ ಮೊದಲ ಗೇರ್‌ನಲ್ಲಿ ಏರಿನ ಬುಡದಿಂದ ಹೊರಟು ನೋಡಿ. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ.

ಬೆಲ್ಟ್‌ನ ಮೂರು ಗಾಡಿಗಳು

ಉಳಿದ ಮೂರರಲ್ಲೂ ಸಿವಿಟಿ (ಗೇರ್ ಬದಲಿಸದೆ ಎರಡು ಪುಲ್ಲಿಗಳ ನಡುವೆ ತಾನೇ ಹೊಂದಿಕೊಳ್ಳುವ) ಬೆಲ್ಟ್, ಇಂಡಿಪೆಂಡೆಂಟ್ ಸಸ್ಪೆನ್ಷನ್, ಓಟಕ್ಕೆ ಹೈ ಮತ್ತು ನಿಧಾನದ ಎಳೆತಕ್ಕೆ ಲೋ ರೇಂಜ್. ಆದರೂ ಓಡಿಸಿದಾಗ ಒಂದು ಇನ್ನೊಂದರಂತಿಲ್ಲ.

ಗ್ರಿಜ್ಲಿಯ ಗುಟ್ಟು ಅದರ ಬೆಲ್ಟ್ ಏರ್ಪಾಟಿನಲ್ಲಿದೆ. ಸಾಮಾನ್ಯ ಸಿವಿಟಿಯಲ್ಲಿ ಎಂಜಿನ್ ಐಡಲ್‌ಗೆ ಇಳಿದಾಗ ಪುಲ್ಲಿ ಬೆಲ್ಟನ್ನು ಸಡಿಲ ಬಿಡುತ್ತದೆ, ಮತ್ತೆ ಥ್ರಾಟಲ್ ಕೊಟ್ಟಾಗ ಹಿಡಿಯುತ್ತದೆ. ಹಿಡಿಯುವ ಆ ಕ್ಷಣದ ಉಜ್ಜಾಟವೇ ಬೆಲ್ಟ್‌ನ ಆಯುಷ್ಯ ತಿನ್ನುವುದು. ಗ್ರಿಜ್ಲಿಯಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ, ಹಿಡಿದು ಬಿಡುವ ಕೆಲಸವನ್ನು ಬೇರೆಯೇ ಸೆಂಟ್ರಿಫ್ಯೂಗಲ್ ಕ್ಲಚ್ ಮಾಡುತ್ತದೆ. ಜೊತೆಗೊಂದು ಒನ್-ವೇ ಕ್ಲಚ್ ಇರುವುದರಿಂದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಸಹಜವಾಗಿ ಬರುತ್ತದೆ, 4×4 ಹಾಕಿದರೆ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. 2ಡಬ್ಲ್ಯುಡಿ (ಹಿಂಚಕ್ರಕ್ಕೆ ಮಾತ್ರ ಚಾಲನೆ), 4ಡಬ್ಲ್ಯುಡಿ (ನಾಲ್ಕಕ್ಕೂ), ಡಿಫ್‌ಲಾಕ್ (ಎರಡೂ ಮುಂಚಕ್ರ ಒಂದೇ ವೇಗದಲ್ಲಿ ಸುತ್ತುವಂತೆ ಬಿಗಿಯುವುದು) ಮೂರನ್ನೂ ಸವಾರನೇ ಆರಿಸುತ್ತಾನೆ. ನೆಲದಿಂದ ಅಂತರ 288 ಮಿ.ಮೀ., ರ‍್ಯಾಕ್ 50 ಮತ್ತು 90 ಕೆ.ಜಿ., ಎಳೆಯಲು ಸುಮಾರು 600 ಕೆ.ಜಿ. ಸಡಿಲ ನೆಲದಲ್ಲಿ 2ಡಬ್ಲ್ಯುಡಿಗೆ ಹಾಕಿದರೆ ಹಿಂಭಾಗ ಲೀಲಾಜಾಲವಾಗಿ ಜಾರುತ್ತದೆ. 300 ಕೆ.ಜಿ. ದಾಟಿದ ಗಾಡಿಯೆಂದು ಆಗ ಅನ್ನಿಸುವುದೇ ಇಲ್ಲ. ಡಿಫ್‌ಲಾಕ್ ಹಾಕಿದಾಗ ಮಾತ್ರ ಹ್ಯಾಂಡಲ್ ಬಲು ಬಿಗಿ. ಅದನ್ನು ನೇರ ಸಾಲಿನಲ್ಲಿ, ಹೂತಾಗ ಮಾತ್ರ ಬಳಸಿ.

ಸ್ಪೋರ್ಟ್ಸ್‌ಮನ್ 570ರ ಎಂಜಿನ್ 567 ಸಿಸಿ, 44 ಅಶ್ವಶಕ್ತಿ. ಐದರಲ್ಲಿ ಮೈಗೆ ಅತಿ ಮೃದು ಇದೇ. ಹಿಂದಿನ ಸಸ್ಪೆನ್ಷನ್ 241 ಮಿ.ಮೀ. ಆಡುತ್ತದೆ. ಹಿಂಚಕ್ರ ಜಾರಿದೊಡನೆ ಮುಂಚಕ್ರಗಳು ತಾವಾಗಿ ಕೂಡಿಕೊಳ್ಳುತ್ತವೆ, ಯೋಚಿಸಿ ಗುಂಡಿ ಒತ್ತಬೇಕಿಲ್ಲ. ಕೆಲಸದ ದಿನ ಇದು ವರ. ವೇಗದ ತಿರುವುಗಳಲ್ಲಿ ಅದೇ ಮೃದುತನಕ್ಕೆ ಮೈ ವಾಲುತ್ತದೆ, ಗಾಡಿ ಸವಾರನಿಗಿಂತ ಅರೆಕ್ಷಣ ತಡವಾಗಿ ಮಾತು ಕೇಳಿದಂತೆ ಅನ್ನಿಸುತ್ತದೆ. ಎರಡು ಸಂಗತಿ ಗಮನಿಸಿ. ಎಡಗೈಯ ಒಂದೇ ಲಿವರ್ ಎಲ್ಲ ಚಕ್ರಗಳಿಗೂ ಬ್ರೇಕ್ ಹಾಕುತ್ತದೆ. ಬೈಕ್ ಓಡಿಸಿ ಅಭ್ಯಾಸವಿದ್ದವರ ಎಡಗೈ ಅದನ್ನು ಕ್ಲಚ್ ಎಂದುಕೊಂಡು ಜಗ್ಗುತ್ತದೆ, ಆದ್ದರಿಂದ ಬಯಲಿನಲ್ಲಿ ನಿಧಾನಕ್ಕೆ ಅಭ್ಯಾಸ ಮಾಡಿಕೊಂಡೇ ಏರಿಗೆ ಹೋಗಬೇಕು. ಎರಡನೆಯದಾಗಿ, ಎಂಜಿನ್ ಬ್ರೇಕಿಂಗ್ ವ್ಯವಸ್ಥೆ ಇದರ ಎಲ್ಲ ಟ್ರಿಮ್‌ಗಳಲ್ಲೂ (ಮಾದರಿಯ ರೂಪಗಳಲ್ಲೂ) ಇರುವುದಿಲ್ಲ. ಗುಡ್ಡದ ನೆಲವಾದರೆ ಅದಿರುವ ಗಾಡಿಯನ್ನೇ ಕೇಳಿ ಕೊಳ್ಳಿ.

ರೆನೆಗೇಡ್ 570 ಕೆಲಸದ ಗಾಡಿಯಾದ ಔಟ್‌ಲ್ಯಾಂಡರ್‌ನ ಬುನಾದಿಯ ಮೇಲೆ ಕಟ್ಟಿದ ಓಟದ ಗಾಡಿ. ವಿ-ಟ್ವಿನ್ ಎಂಜಿನ್, 48 ಅಶ್ವಶಕ್ತಿ, ಎಳೆತ ನಯವಾಗಿ ಏರುತ್ತದೆ. ನಿಂತು ಓಡಿಸಲು ಹ್ಯಾಂಡಲ್, ಫುಟ್‌ಪೆಗ್‌ಗಳ ಜೋಡಣೆ ಸೊಗಸಾಗಿದೆ, 4×4ಗಳಲ್ಲಿ ಇಷ್ಟು ಉತ್ಸಾಹದ ಗಾಡಿ ಕಡಿಮೆ. ಇದರ ಮುಂದಿನ ವಿಸ್ಕೋ-ಲಾಕ್ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್‌ಕೂಟ) ಎರಡು ಮುಂಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದ ಮೇಲೆಯೇ ಬಿಗಿಯುತ್ತದೆ. ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಲ್ಲಿನ ಮೇಲೆ ತೆವಳುವಾಗ ಚಕ್ರ ಸ್ವಲ್ಪ ಸುತ್ತಿ ಆಮೇಲೆ ಹಿಡಿಯುವುದು ಗೊತ್ತಾಗುತ್ತದೆ. ರ‍್ಯಾಕ್ ಇಲ್ಲ. ಬೇರೆ ರ‍್ಯಾಕ್ ಕೂರಿಸಿದರೂ ಅದು ಚೀಲ, ಹಗ್ಗಕ್ಕೇ ಹೊರತು ಮೂಟೆಗಲ್ಲ.

ಮೂರಕ್ಕೂ ಅನ್ವಯಿಸುವ ಒಂದು ನಿಯಮ: ಟ್ರೇಲರ್ ಇದ್ದಾಗ, ಕೆಸರಿನಲ್ಲಿ, ಕಡಿದಾದ ಏರಿನಲ್ಲಿ, ನಡಿಗೆಯ ವೇಗದಲ್ಲಿ ಲೋ ರೇಂಜ್ ಹಾಕಲೇಬೇಕು. ಬೆಲ್ಟ್ ಸುಟ್ಟುಕೊಳ್ಳುವ ಹೊಸಬರಲ್ಲಿ ಹೆಚ್ಚಿನವರು ಹೈನಲ್ಲೇ ಭಾರ ಎಳೆದಿರುತ್ತಾರೆ. ನೀರು ದಾಟಿದ ಮೇಲೆ ಎಂಜಿನ್ ಸದ್ದು ಮಾಡಿ ಗಾಡಿ ಕದಲದಿದ್ದರೆ ಸಿವಿಟಿ ಪೆಟ್ಟಿಗೆಗೆ ನೀರು ಹೋಗಿದೆ ಎಂದರ್ಥ. ಗೇರ್ ಹಾಕಿ ಒತ್ತಾಯಿಸಬೇಡಿ. ಡ್ರೈನ್ ಪ್ಲಗ್ ತೆಗೆದು ನೀರು ಸುರಿಸಿ, ನ್ಯೂಟ್ರಲ್‌ನಲ್ಲಿಟ್ಟು ಹದವಾಗಿ ಎಂಜಿನ್ ಏರಿಸಿ ಇಳಿಸಿ, ಬೆಲ್ಟ್ ಒಣಗಿದ ಮೇಲೆ ಹೊರಡಿ. ಹೊಸ ಬೆಲ್ಟ್‌ಗೂ ಮೊದಮೊದಲು ಪೂರ್ತಿ ಥ್ರಾಟಲ್ ಕೊಡಬಾರದು.

ಯಾವುದು?

ಕೆಲಸ, ಓಟ ಎರಡೂ ಸರಿಸಮ ಬೇಕೆಂದರೆ ನಮ್ಮ ಆಯ್ಕೆ ಪವರ್ ಸ್ಟೀರಿಂಗ್ ಇರುವ ಗ್ರಿಜ್ಲಿ. ಬೈಕ್ ಓಡಿಸಿದ ಅನುಭವವಿರುವ ವಯಸ್ಕರಿಗೆ ಈ ಮಾತು. ಮೈಕಟ್ಟು ಹಗುರ, ಅಥವಾ ಯಾವ ಗಾಡಿಯನ್ನೂ ಓಡಿಸಿಲ್ಲ ಎನ್ನುವವರಿಗೆ ಅದೇ ಬಗೆಯ ಬೆಲ್ಟ್ ಏರ್ಪಾಟಿನ, 421 ಸಿಸಿಯ ಯಮಾಹಾ ಕೊಡಿಯಾಕ್ 450 ಹೆಚ್ಚು ಒಗ್ಗುತ್ತದೆ. ಕೆಲಸದ ಪಾಲು ಹೆಚ್ಚಾದರೆ ಸ್ಪೋರ್ಟ್ಸ್‌ಮನ್. ನೆಲ ಬರೀ ಮಣ್ಣು, ಕಲ್ಲು ಕಡಿಮೆ, ರಿಪೇರಿಗೆ ಹತ್ತಿರದಲ್ಲಿ ಯಾರೂ ಇಲ್ಲ ಎಂದಾದರೆ ಕಣ್ಣು ಮುಚ್ಚಿಕೊಂಡು ರಾಂಚರ್. ರೆನೆಗೇಡನ್ನು ಎರಡನೆಯ ಗಾಡಿಯಾಗಿ ಕೊಳ್ಳುವುದು ಮೇಲು.

ಓಟದ ಗಾಡಿಯನ್ನು ಕೆಲಸಕ್ಕೆ ತಿದ್ದುವ ಆಸೆ ಬಿಡಿ. ಕೆಲಸದ ಗಾಡಿಯನ್ನು ಓಟಕ್ಕೆ ಹದ ಮಾಡುವುದು ಸುಲಭ: ರ‍್ಯಾಕ್ ಖಾಲಿ ಮಾಡಿ, ಭಾರಕ್ಕೆಂದು ಬಿಗಿಗೊಳಿಸಿದ ಸ್ಪ್ರಿಂಗ್ ಪ್ರಿಲೋಡನ್ನು (ಸ್ಪ್ರಿಂಗ್‌ಗೆ ಮೊದಲೇ ಕೊಟ್ಟ ಬಿಗಿತವನ್ನು) ಮತ್ತೆ ಇಳಿಸಿ, ಗಾಳಿಯನ್ನು ಕೈಪಿಡಿಯ ಅಂಕಿಗೆ ತನ್ನಿ. ಇಷ್ಟಕ್ಕೇ ಗಾಡಿ ಬೇರೆಯಾಗುತ್ತದೆ. ಹೇರುವಾಗ ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು. ಹಿಂದೆ ಮಾತ್ರ ಹೇರಿ ಏರು ಹತ್ತಿದರೆ ಮುಂಚಕ್ರ ಹಗುರಾಗಿ ಗಾಡಿ ಹಿಂದಕ್ಕೆ ಮಗುಚುತ್ತದೆ. ಅರ್ಧ ತುಂಬಿದ ಸ್ಪ್ರೇ ಟ್ಯಾಂಕ್ ತುಂಬಿದ ಟ್ಯಾಂಕ್‌ಗಿಂತ ಅಪಾಯಕಾರಿ, ಅಡ್ಡ ಇಳಿಜಾರಿನಲ್ಲಿ ದ್ರವ ಒಂದೇ ಬದಿಗೆ ನುಗ್ಗುತ್ತದೆ. ಒಂಟಿ ಸೀಟಿನ ಗಾಡಿಯಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಲೇಬಾರದು. ಸವಾರ ಹಿಂದೆ ಮುಂದೆ ಸರಿಯುವುದಕ್ಕೆಂದೇ ಆ ಸೀಟ್ ಉದ್ದವಿದೆ.

ಹಳೆಯದನ್ನು ಕೊಳ್ಳುವುದಾದರೆ ಮೊದಲು ಏರ್ ಫಿಲ್ಟರ್ ತೆಗೆದು, ಅದರ ಆಚೆಗಿನ ರಬ್ಬರ್ ಕೊಳವೆಯ ಒಳಗೆ ಬೆರಳಾಡಿಸಿ. ಅಲ್ಲಿ ನುಣುಪು ದೂಳು ಸಿಕ್ಕರೆ ಆ ದೂಳು ಸಿಲಿಂಡರ್‌ಗೂ ಹೋಗಿದೆ, ಪಿಸ್ಟನ್ ರಿಂಗ್ ಸವೆದಿರುತ್ತವೆ. ಎಂಜಿನ್ ಮತ್ತು ಡಿಫರೆನ್ಷಿಯಲ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ; ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಹೋಗಿದೆ. ಜಲ್ಲಿಯ ಮೇಲೆ 4×4 ಹಾಕಿ ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿ. ಮುಂದಿನಿಂದ ಟಕ್-ಟಕ್ ಸದ್ದು ಬಂದರೆ ಸಿವಿ ಜಾಯಿಂಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.