‘100% ಮೆರಿನೋ’ ಅಂತ ಕೊಂಡ ದಾರ ಬೆಂಕಿ ಕಿಡಿಗೆ ಕರಗಿಹೋಯ್ತು, ಟೋಪಿ ಹೆಣೆಯೋರು ದಯವಿಟ್ಟು ಓದಿ

ಆನ್‌ಲೈನಲ್ಲಿ ಮೆರಿನೋ ವುಲ್ (ಮೆರಿನೋ ಜಾತಿ ಕುರಿಯ ಮೆತ್ತನೆ ಉಣ್ಣೆ) ಅಂತ ಮಾರೋ ದಾರದ ಉಂಡೆ ತರಿಸ್ಕೊಂಡು ಚಳಿಗಾಲಕ್ಕೆ ಟೋಪಿ ಹೆಣೆಯೋಕೆ ಕೂತಿರೋರು, ಅದ್ರಲ್ಲೂ ಹಿಮಾಲಯಕ್ಕೆ ಟ್ರೆಕ್ ಹೋಗೋ ಮಕ್ಕಳಿಗೋ ಅಮೆರಿಕ ಕೆನಡಾದಲ್ಲಿರೋ ಮೊಮ್ಮಕ್ಕಳಿಗೋ ಅಂತ ಹೆಣೀತಿರೋರು, ಕಡ್ಡಿಗೆ ಮೊದಲ ಸ್ಟಿಚ್ ಹಾಕೋ ಮುಂಚೆ ಆ ಉಂಡೆಯಿಂದ ಒಂದು ಗೇಣು ದಾರ ಕತ್ತರಿಸಿ ಸುಟ್ಟು ನೋಡಿ. ಯಾಕೆ ಅಂತ ಹೇಳ್ತೀನಿ.

ನಮ್ಮ ಅಕ್ಕನ ಮಗ ಅವನ ಆಫೀಸ್ ಗ್ಯಾಂಗ್ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದ. ಸಾಂಕ್ರಿಯಿಂದ ಹತ್ತೋದು, ಮೇಲೆ ಹತ್ರ ಹತ್ರ 12,500 ಅಡಿ, ತುದಿಗೆ ಹೋಗೋ ದಿನ ಕತ್ತಲಲ್ಲೇ ಎದ್ದು ಹಿಮದಲ್ಲಿ ನಡೀಬೇಕು. ಬೆಂಗಳೂರಿನ ಚಳಿಗಾದ್ರೆ ನಾನು ಇಷ್ಟು ತಲೆ ಕೆಡಿಸ್ಕೊಳ್ತಿರ್ಲಿಲ್ಲ, ಇಲ್ಲಿನ ರೆಕಾರ್ಡ್ ಚಳಿ ಅಂದ್ರೆ 1884ರ ಜನವರಿಯ 7.8 ಡಿಗ್ರಿ, ನಾವು 16 ಆದ್ರೇನೇ ಮಂಕಿ ಕ್ಯಾಪ್ ಹುಡುಕೋ ಜನ. ಆದ್ರೆ ಅಲ್ಲಿ ಮೈನಸ್ಸಲ್ಲಿ ಬೆವರಿದ ತಲೆ ತಣ್ಣಗಾದ್ರೆ ಗತಿ ಏನು ಅಂತ ಒಳ್ಳೆ ಉಣ್ಣೆನೇ ಹಾಕೋಣ ಅಂತ ಒಂದು ಉಂಡೆಗೆ 650 ಕೊಟ್ಟು ಮರೂನು, ಬೂದು ಎರಡು ಬಣ್ಣ ತರಿಸಿದೆ. ಮಾಮೂಲಿ ಅಕ್ರಿಲಿಕ್ (ಉಣ್ಣೆ ಥರ ಕಾಣೋ ಸಿಂಥೆಟಿಕ್ ದಾರ) ಉಂಡೆ ನೂರು ನೂರೈವತ್ತಕ್ಕೆಲ್ಲ ಸಿಗುತ್ತೆ, ಅಂದ್ರೆ ಎಷ್ಟು ಪಟ್ಟು ಅಂತ ನೀವೇ ಲೆಕ್ಕ ಹಾಕಿ.

ಮುಟ್ಟಿದ್ರೆ ಬೆಣ್ಣೆ ಥರ ಇತ್ತು, ಅದು ನಿಜ. ಕಿವಿ ಮುಚ್ಚೋ ಪಟ್ಟಿ ಇಟ್ಟು, ಹಣೆ ಹತ್ರ ಎರಡು ಸೀದಾ ಎರಡು ಉಲ್ಟಾ ರಿಬ್ (ಎಳೆದ್ರೆ ಹಿಗ್ಗಿ ಬಿಟ್ರೆ ಬಿಗಿಯಾಗೋ ಹೆಣಿಗೆ) ಹಾಕಿ ಟೋಪಿಗಳೆಲ್ಲ ಮುಗೀತು. ಮೊದಲ ಅನುಮಾನ ಬಂದಿದ್ದು ಇಸ್ತ್ರಿ ಪೆಟ್ಟಿಗೆಯಿಂದ. ಅಂಚು ನೀಟಾಗಿ ಕೂರ್ಲಿ ಅಂತ ಮೇಲಿಂದ ಸ್ವಲ್ಪ ಸ್ಟೀಮ್ ಬಿಟ್ಟೆ ನೋಡಿ, ಬಿಗಿಯಾಗಿ ಎದ್ದು ನಿಂತಿದ್ದ ರಿಬ್ ಹಾಗೇ ಸುಸ್ತಾಗಿ ಮಲಗಿಬಿಡ್ತು, ಎಳೆದು ಬಿಟ್ರೆ ವಾಪಸ್ ಬರ್ಲೇ ಇಲ್ಲ. ನಿಜವಾದ ಉಣ್ಣೆ ಹಾಗೆ ಮಾಡಲ್ಲ, ಒದ್ದೆ ಮಾಡಿ ಒಣಗಿಸಿದ್ರೆ ರಿಬ್ ಮತ್ತೆ ಬಿಗಿ ಆಗುತ್ತೆ. ಅಕ್ರಿಲಿಕ್‌ಗೆ ಒಂದ್ಸಲ ಸ್ಟೀಮ್ ಹೊಡೆದು ಸತ್ವ ಹೋದ್ರೆ ಮುಗೀತು ಕಥೆ. ಸೆಲ್ಲರ್‌ಗೆ ಮೆಸೇಜ್ ಹಾಕಿದೆ, ‘ಮೇಡಂ ಇದು ಪ್ರೀಮಿಯಂ ಸಾಫ್ಟ್ ಕ್ವಾಲಿಟಿ, ಸ್ಟೀಮ್ ಮಾಡ್ಬಾರ್ದು’ ಅಂತ ಉತ್ತರ ಬಂತು. ಅಷ್ಟರಲ್ಲಿ ಹುಡುಗರು ಹೊರಡೋ ದಿನ ಬಂದೇಬಿಟ್ಟಿತ್ತು, ಸಡಿಲ ಆಗಿದ್ದ ಒಂದನ್ನ ಬಿಟ್ಟು ಮಿಕ್ಕಿದ್ದನ್ನ ತಗೊಂಡು ಹೋದ್ರು.

ಅಲ್ಲಿ ಆಗಿದ್ದು ಇಷ್ಟು. ಹತ್ತುವಾಗ ಬೆವರು, ನಿಂತಾಗ ಆ ಬೆವರು ಟೋಪಿ ಒಳಗೇ ನಿಂತು ತಲೆ ಐಸು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ, ಅಕ್ರಿಲಿಕ್ ಎಳೆ ನೀರು ಹೀರೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಅದಕ್ಕೇ ಈ ಫಜೀತಿ. ಇಳಿದು ಬಂದ ರಾತ್ರಿ ಊರಲ್ಲಿ ಬೆಂಕಿ ಹಾಕ್ಕೊಂಡು ಕೂತಾಗ ಒಂದು ಕಿಡಿ ಹಾರಿ ಒಬ್ಬನ ಟೋಪಿ ಮೇಲೆ ಬಿತ್ತಂತೆ, ತಕ್ಷಣ ಕಿತ್ತು ಎಸೆದ, ತಲೆಗೆ ಏನೂ ಆಗ್ಲಿಲ್ಲ ಪುಣ್ಯಕ್ಕೆ. ಆ ಟೋಪಿ ಈಗ ನನ್ನ ಹತ್ರ ಇದೆ. ಹೆಸರುಕಾಳಿನಷ್ಟು ತೂತು, ಸುತ್ತ ಕರೀ ಗಟ್ಟಿ ಅಂಚು, ಉಗುರಲ್ಲಿ ಕೆರೆದ್ರೆ ಟಕ್ ಟಕ್ ಅಂತ ಪ್ಲಾಸ್ಟಿಕ್ ಸದ್ದು. ಕರಗಿದ ಸಿಂಥೆಟಿಕ್ ಚರ್ಮಕ್ಕೆ ಅಂಟಿದ್ರೆ ಸುಟ್ಟ ಗಾಯ ಇನ್ನೂ ಆಳ ಆಗುತ್ತೆ. ನನಗೆ ಸಿಟ್ಟು ನೆತ್ತಿಗೇರಿದ್ದು ಅಲ್ಲಿ, 650 ರೂಪಾಯಿಗಲ್ಲ.

ಈಗ ಪರೀಕ್ಷೆ ವಿಷ್ಯ. ಮನೇಲಿ ಕೈಮಗ್ಗದ ಹಳೇ ಕುರಿ ಕಂಬಳಿ ಇದ್ರೆ ಅದರದ್ದೊಂದು ಎಳೆ ಕಿತ್ತಿಟ್ಕೊಳ್ಳಿ, ಹೋಲಿಸೋಕೆ ಅದಕ್ಕಿಂತ ಒಳ್ಳೇದಿಲ್ಲ. ಸ್ಟೀಲ್ ತಟ್ಟೆ ಮೇಲೆ, ಇಕ್ಕಳದಲ್ಲಿ ಹಿಡಿದು, ಎರಡನ್ನೂ ಸುಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ ಕೂಡ್ಲೇ ತಾನೇ ಆರುತ್ತೆ, ಉಳಿದ ಬೂದಿ ಬೆರಳಲ್ಲಿ ಪುಡಿ ಪುಡಿ. ಅಕ್ರಿಲಿಕ್ ಆದ್ರೆ ಬೆಂಕಿ ತೆಗೆದ್ರೂ ಉರೀತಾನೇ ಇರುತ್ತೆ, ಕರಗುತ್ತೆ, ಕೊನೆಗೆ ಗಟ್ಟಿ ಕರೀ ಮಣಿ. ಮಿಕ್ಸ್ ಮಾಡಿದ್ರೆ ಸುಟ್ಟು ನೋಡಿದ್ರೂ ಗೊತ್ತಾಗದೇ ಇರ್ಬಹುದು, ಆಗ ಬಟ್ಟೆಗೆ ಹಾಕೋ ಕ್ಲೋರಿನ್ ಬ್ಲೀಚಲ್ಲಿ ಒಂದು ತುಂಡು ನೆನೆಸಿ ರಾತ್ರಿ ಬಿಡಿ, ಉಣ್ಣೆ ಪೂರ್ತಿ ಕರಗಿಹೋಗುತ್ತೆ, ಬೆಳಿಗ್ಗೆ ಏನು ಉಳಿದಿದ್ಯೋ ಅದು ಉಣ್ಣೆ ಅಲ್ಲ. (ಕಿಟಕಿ ತೆಗೆದಿಡಿ, ಆ ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಯಾವತ್ತೂ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ.) ಇನ್ನು ಎರಡು ತುದಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದ್ರೆ ಉಣ್ಣೆ ಒಂದಕ್ಕೊಂದು ಅಂಟ್ಕೊಳ್ಳುತ್ತೆ ಅಂತಾರೆ, ಹೌದು, ಆದ್ರೆ ಸೂಪರ್‌ವಾಶ್ ಉಣ್ಣೆ (ಮೆಷಿನಲ್ಲಿ ಒಗೆದ್ರೂ ಮುದುಡದ ಹಾಗೆ ಸಂಸ್ಕರಿಸಿದ್ದು) ಅಂಟಲ್ಲ, ಹಾಗಾಗಿ ಅಂಟ್ಲಿಲ್ಲ ಅಂದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ. ಮೆತ್ತಗಿದೆ ಅನ್ನೋದನ್ನಂತೂ ನಂಬ್ಲೇಬೇಡಿ. ನಮ್ಮ ಡೆಕ್ಕನಿ ಕುರಿ ಉಣ್ಣೆ ಚುಚ್ಚುತ್ತೆ, ಅಪ್ಪಟ ಉಣ್ಣೆ. ನನಗೆ ಬಂದಿದ್ದು ಬೆಣ್ಣೆ, ಬರೀ ಪ್ಲಾಸ್ಟಿಕ್.

ಅಕ್ರಿಲಿಕ್ ಕೆಟ್ಟದ್ದು ಅಂತ ಹೇಳ್ತಿಲ್ಲ ಮತ್ತೆ. ಚಳಿಗಾಲದಲ್ಲಿ ರಸ್ತೆ ಬದಿ ಟಿಬೆಟಿಯನ್ನರು ಮಾರೋ ಟೋಪಿ ಸ್ವೆಟರಲ್ಲೂ ಅದು ಬೇಕಾದಷ್ಟಿರುತ್ತೆ, ಊರಲ್ಲಿ ಹಾಕ್ಕೊಳ್ಳೋಕೆ, ಮೆಷಿನಲ್ಲಿ ಒಗೆಯೋಕೆ ಚೆನ್ನಾಗೇ ಇದೆ. ಅಕ್ರಿಲಿಕ್ ಅಂತ ಹೇಳಿ ಅಕ್ರಿಲಿಕ್ ರೇಟಿಗೆ ಮಾರ್ಲಿ, ನಾನೇ ತಗೋತೀನಿ.

ವಾಪಸ್ ಮಾಡೋ ಗೋಳು ಕೇಳಿ. ‘ಟೈಟಲಲ್ಲಿ ಮೆರಿನೋ ಟಚ್ ಅಂತಿದೆ ಮೇಡಂ’ ಅಂದ್ರು, ನೋಡಿದ್ರೆ ಪೇಜೇ ಬದಲಾಗಿತ್ತು, 100% ಮಾಯ! ಆರ್ಡರ್ ಮಾಡಿದ ದಿನದ ಸ್ಕ್ರೀನ್‌ಶಾಟ್ ನನ್ನ ಹತ್ರ ಇತ್ತು ಅಂತ ಬಚಾವ್, ನೀವೂ ದುಡ್ಡು ಕಟ್ಟೋ ಮುಂಚೆ ಪೂರ್ತಿ ಪೇಜ್ ತೆಗೆದಿಟ್ಕೊಳ್ಳಿ. ಬಂದ ಉಂಡೆ ಮೇಲೆ ತಯಾರಕರ ಹೆಸರು, ನಿವ್ವಳ ತೂಕ ಇಲ್ದಿದ್ರೆ ಅಲ್ಲೇ ಫೋಟೋ ಹೊಡೀರಿ, ನನ್ನದ್ರಲ್ಲಿ ಬರೀ ಒಂದು ಕುರಿ ಚಿತ್ರ ಇತ್ತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ್ಯಪ್‌ನವರ ಗ್ರೀವೆನ್ಸ್ ಆಫೀಸರ್ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡ್ಬೇಕು. ಕಸ್ಟಮರ್ ಕೇರ್ ಚಾಟಲ್ಲಿ ಗಂಟೆಗಟ್ಟಲೆ ಕೂರೋ ಬದಲು ನೇರ ಆ ಆಫೀಸರ್‌ಗೇ ಮೇಲ್ ಹಾಕಿ, ಆಗ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915.

ನಾನು ಎರಡೂ ಮಾಡಿದೆ. ಹೆಣೆಯದೆ ಉಳಿದಿದ್ದ ಉಂಡೆಗಳ ದುಡ್ಡು ಬಂತು, ಹೆಣೆದಿದ್ದು ‘ಬಳಸಿದ ವಸ್ತು’ ಅಂತ ಇನ್ನೂ ಎಳೆದಾಡ್ತಿದ್ದಾರೆ. ಮೊನ್ನೆ ನೋಡಿದ್ರೆ ಅದೇ ಫೋಟೋ ಬೇರೆ ಸೆಲ್ಲರ್ ಹೆಸರಲ್ಲಿ ಬಂದಿದೆ, ಬಿದಿರು ಬುಟ್ಟಿಯಲ್ಲಿ ಮರೂನ್ ಉಂಡೆ, ಪಕ್ಕ ಒಂದು ಜೊತೆ ಮರದ ಕಡ್ಡಿ, ಈ ಸಲ ‘ಪಶ್ಮಿನಾ ಬ್ಲೆಂಡ್’ ಅಂತೆ, ರೇಟು 890.