ಕ್ರಯೋಗ್ಲೋಬುಲಿನ್ ಟೆಸ್ಟ್ ಮಾಡಿಸಬೇಕಾ, ಸಿ4 ಮತ್ತು ಆರ್‌ಎಫ್ ಸಾಕಾ?

ಹೆಪಟೈಟಿಸ್ ಸಿ ಬಹಳ ವರ್ಷ ಮೈಯಲ್ಲಿದ್ದರೆ ಕೆಲವರ ರಕ್ತದಲ್ಲಿ ಕ್ರಯೋಗ್ಲೋಬುಲಿನ್ ಅನ್ನೋ ಪ್ರೋಟೀನ್ ಸೇರಿಕೊಳ್ಳುತ್ತದೆ. ತಣ್ಣಗಾದರೆ ಗಟ್ಟಿಯಾಗುತ್ತದೆ, ಬೆಚ್ಚಗಾದರೆ ಕರಗುತ್ತದೆ. ಕಾಲಿನ ಮೇಲೆ ನೇರಳೆ ಚುಕ್ಕೆ, ಕೀಲುನೋವು, ಪಾದದಲ್ಲಿ ಜೋಮು ಕಂಡರೆ ಯಾವ ಟೆಸ್ಟ್ ಮಾಡಿಸಬೇಕು?

ಕ್ರಯೋಗ್ಲೋಬುಲಿನ್ ಟೆಸ್ಟ್ ಆ ಪ್ರೋಟೀನನ್ನೇ ಕಣ್ಣಿಗೆ ತೋರಿಸುತ್ತದೆ. ಆದರೆ ತುಂಬಾ ನಾಜೂಕು. ರಕ್ತ ತೆಗೆದ ಟ್ಯೂಬನ್ನು ಹೆಪ್ಪುಗಟ್ಟುವವರೆಗೂ 37 ಡಿಗ್ರಿಯಲ್ಲೇ ಇಡಬೇಕು. ಆಮೇಲೆ ಸೀರಮ್, ಅಂದರೆ ಹೆಪ್ಪಿನ ಮೇಲೆ ಉಳಿಯುವ ತಿಳಿ ದ್ರವ, ಬೇರ್ಪಡಿಸಿ, 4 ಡಿಗ್ರಿಯಲ್ಲಿ 7 ದಿನದವರೆಗೂ ಕಾಯಬೇಕು. ತಳದಲ್ಲಿ ಬಿಳಿ ಗಸಿ ಕೂತು, ಬೆಚ್ಚಗೆ ಮಾಡಿದಾಗ ಕರಗಿದರೆ ಪಾಸಿಟಿವ್. ಟ್ಯೂಬ್ ದಾರಿಯಲ್ಲೇ ತಣ್ಣಗಾದರೆ ಪ್ರೋಟೀನ್ ಹೆಪ್ಪಿನ ಜೊತೆಗೇ ಹೋಗಿಬಿಡುತ್ತದೆ, ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಎಷ್ಟು ಬೇಜಾರು, ಅಲ್ವಾ? ಅದಕ್ಕೇ ಲ್ಯಾಬಿನಲ್ಲಿ ಮೊದಲೇ ಕೇಳಿ: "ಸ್ಯಾಂಪಲ್ ಬೆಚ್ಚಗೆ ಇಡ್ತೀರಾ?"

ಸಿ4 ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಪ್ರೋಟೀನ್. ರುಮಟಾಯ್ಡ್ ಫ್ಯಾಕ್ಟರ್, ಅಂದರೆ ಆರ್‌ಎಫ್, ದೇಹದ ಸ್ವಂತ ಪ್ರೋಟೀನಿನ ಮೇಲೇ ತಿರುಗುವ ಪ್ರತಿಕಾಯ. ಈ ಎರಡು ರಕ್ತದ ಟೆಸ್ಟುಗಳಿಗೆ ಈ ರಗಳೆ ಇಲ್ಲ. ಸಿ4 ತೀರಾ ಕಡಿಮೆ, ಆರ್‌ಎಫ್ ಜಾಸ್ತಿ ಇದ್ದರೆ ಬಲವಾದ ಸುಳಿವು. ಆದರೆ ರೋಗನಿರೋಧಕ ಶಕ್ತಿ ದೇಹದ ಮೇಲೇ ದಾಳಿ ಮಾಡುವ ಲೂಪಸ್ ಕಾಯಿಲೆಯಲ್ಲೂ ಸಿ4 ಇಳಿಯುತ್ತದೆ, ಆರ್‌ಎಫ್ ಬೇರೆ ಕಾಯಿಲೆಗಳಲ್ಲೂ ಏರುತ್ತದೆ.

ನನ್ನನ್ನು ಕೇಳಿದರೆ, ಎರಡೂ ಬೇಕು. ಹತ್ತಿರದಲ್ಲಿ ಒಳ್ಳೆಯ ಲ್ಯಾಬ್ ಇಲ್ಲದಿದ್ದರೆ ಸಿ4, ಆರ್‌ಎಫ್ ಮೊದಲು ಮಾಡಿಸಿ, ಜೊತೆಗೆ ಮೂತ್ರ ಪರೀಕ್ಷೆಯೂ ಇರಲಿ. ಸಿ4 ಕಡಿಮೆ ಇದ್ದು ಕ್ರಯೋ ನೆಗೆಟಿವ್ ಬಂದರೆ ಅಷ್ಟಕ್ಕೇ ಬಿಡಬೇಡಿ, ಮತ್ತೊಮ್ಮೆ ಮಾಡಿಸಿ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಪಾದ ಎತ್ತಲು ಆಗದಿದ್ದರೆ ಯಾವ ರಿಪೋರ್ಟಿಗೂ ಕಾಯದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.