ರಾತ್ರಿ ಬೇಟೆಯ ಬೆನ್ನು ಹತ್ತಿ: ಎಕೋಸೌಂಡರ್, ಹೈಡ್ರೋಫೋನ್, ಕ್ಯಾಮೆರಾ

ಡಾಲ್ಫಿನ್‌ಗಳು ಕತ್ತಲಲ್ಲಿ ಏನು ತಿನ್ನುತ್ತವೆ, ಹೇಗೆ ಹಿಡಿಯುತ್ತವೆ? ತಿಳಿಯಲು ದೋಣಿಯಿಂದ ಮೂರು ಸಾಧನ ನೀರಿಗಿಳಿಸಿ ನೋಡಿದೆ.

ಕ್ಯಾಮೆರಾ ಕಥೆ ಮೊದಲೇ ಮುಗಿಸಿಬಿಡುತ್ತೇನೆ. ಲೈಟ್ ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಲೈಟ್ ಹಾಕಿದರೆ ಸಣ್ಣ ಜೀವಿಗಳು ಮುತ್ತುತ್ತವೆ, ಅವುಗಳ ಹಿಂದೆ ಮೀನು. ಆಮೇಲೆ ನಾವು ನೋಡುವುದು ನಮ್ಮ ಲೈಟಿನ ಸುತ್ತ ನೆರೆದ ಸಂತೆಯನ್ನು, ಅಷ್ಟೇ. ಕೆಂಪು ಲೈಟಿಗೆ ಗಲಾಟೆ ಕಡಿಮೆ, ಆದರೆ ಕೆಂಪು ಬೆಳಕನ್ನು ನೀರು ಬೇಗ ನುಂಗಿಬಿಡುತ್ತದೆ.

ಎಕೋಸೌಂಡರ್ ಶಬ್ದ ಕಳಿಸಿ ಮಾರ್ದನಿಗೆ ಕಾಯುತ್ತದೆ. ಸಮುದ್ರದ ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಹಾಗಾಗಿ ಮಾರ್ದನಿ ತಡವಾದಷ್ಟೂ ಆಳ ಜಾಸ್ತಿ. ಕತ್ತಲಾಗುತ್ತಿದ್ದಂತೆ ಪರದೆಯ ಕೆಳಗಿನ ದಪ್ಪ ಪಟ್ಟಿಯೊಂದು ನಿಧಾನವಾಗಿ ಮೇಲೇರುವುದನ್ನು ನೋಡಬೇಕು! ಸಣ್ಣ ಮೀನು, ಸಿಗಡಿ, ಸ್ಕ್ವಿಡ್‌ಗಳ ಹಿಂಡು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋನಾರ್ ನೋಡುತ್ತಿದ್ದವರು ಇದನ್ನೇ ಸಮುದ್ರದ ತಳ ಅಂದುಕೊಂಡಿದ್ದರಂತೆ. ಕಳಿಸುವ ಶಬ್ದದ ಕಂಪನಾಂಕ (ಫ್ರೀಕ್ವೆನ್ಸಿ) 38 ಕಿಲೋಹರ್ಟ್ಸ್ ಇದ್ದರೆ ತುಂಬಾ ಆಳಕ್ಕೆ ಹೋಗುತ್ತದೆ. 120 ಅಷ್ಟು ದೂರ ಹೋಗದು, ಆದರೆ ಸಣ್ಣ ಸಿಗಡಿಗಳನ್ನೂ ಹಿಡಿಯುತ್ತದೆ. ಒಂದು ಮೋಸ ಇದೆ: ಹೊಟ್ಟೆಯೊಳಗೆ ಗಾಳಿಚೀಲ ಇರುವ ಮೀನು ಜೋರಾಗಿ ಮಾರ್ದನಿ ಕೊಡುತ್ತದೆ, ಅದಿಲ್ಲದ ಸ್ಕ್ವಿಡ್ ಮಂಕಾಗಿ ಕಾಣುತ್ತದೆ. ಪರದೆ ನೋಡಿ ಯಾವುದು ಎಷ್ಟಿದೆ ಎಂದು ಸುಮ್ನೆ ತೀರ್ಮಾನಿಸಬಾರದು.

ಡಾಲ್ಫಿನ್ ಹಿಂಡಿನೊಳಗೆ ನುಗ್ಗಿದ್ದು ಕಂಡಿತು. ತಿಂತೋ, ಹಾಗೇ ಹಾದುಹೋಯಿತೋ? ಎಕೋಸೌಂಡರ್ ಇಲ್ಲಿ ಮೂಕ.

ಅಲ್ಲೇ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಗೆದ್ದಿತು. ಡಾಲ್ಫಿನ್ ಬೇಟೆಯ ಹತ್ತಿರ ಬಂದಂತೆ ಅದರ ಕ್ಲಿಕ್‌ಗಳು (ಮಾರ್ದನಿ ಕೇಳಿ ಬೇಟೆ ಹುಡುಕಲು ಅದು ಹೊರಡಿಸುವ ಚಿಟಿಕೆಯಂಥ ಸದ್ದು) ಒತ್ತೊತ್ತಾಗಿ, ಕೊನೆಗೆ ಝರ್ರ್ ಎಂದು ಒಂದೇ ಸದ್ದಾಗುತ್ತವೆ. ಬಾಯಿ ಹಾಕಿದ ಕ್ಷಣ ಅದು. ಮೀನು ಸಿಕ್ಕಿತೋ ತಪ್ಪಿತೋ ಎನ್ನುವುದು ಬೇರೆ ಮಾತು. ಮೊದಲ ರಾತ್ರಿ ನಾನೇ ಎಡವಟ್ಟು ಮಾಡಿಕೊಂಡೆ. ರೆಕಾರ್ಡರನ್ನು ಸೆಕೆಂಡಿಗೆ 48 ಸಾವಿರ ಸ್ಯಾಂಪಲ್‌ಗೆ ಇಟ್ಟಿದ್ದೆ. ಹಾಗಿಟ್ಟರೆ 24 ಕಿಲೋಹರ್ಟ್ಸ್‌ವರೆಗಿನ ಸದ್ದಷ್ಟೇ ದಾಖಲಾಗುತ್ತದೆ. ಡಾಲ್ಫಿನ್ ಕ್ಲಿಕ್‌ಗಳು 100 ದಾಟುತ್ತವಲ್ಲ, ಮುಖ್ಯವಾದದ್ದೆಲ್ಲ ಹೋಯಿತು.

ಎರಡನ್ನೂ ಒಟ್ಟಿಗೆ ಓಡಿಸಿದರಾಯಿತು, ಅಲ್ವಾ? ಆಗಲಿಲ್ಲ. ಎಕೋಸೌಂಡರಿನ ಸದ್ದು ಹೈಡ್ರೋಫೋನ್ ತುಂಬಾ ತುಂಬಿಕೊಂಡಿತು. ಮೇಲಾಗಿ 38, 120 ಎರಡೂ ಡಾಲ್ಫಿನ್ ಕಿವಿಗೆ ಬೀಳುತ್ತವೆ. ಕೊನೆಗೆ ಹತ್ತು ನಿಮಿಷ ಅದು, ಹತ್ತು ನಿಮಿಷ ಇದು ಎಂದು ಸರದಿ ಮಾಡಿದೆ.

ಡಾಲ್ಫಿನ್‌ಗಾಗಿ ಒಂದೇ ಸಾಧನ ಒಯ್ಯಬೇಕೆಂದರೆ ನಾನು ಹೈಡ್ರೋಫೋನ್ ಒಯ್ಯುತ್ತೇನೆ. ಶಾರ್ಕ್ ಹಿಂದೆ ಹೊರಟವರಿಗೆ ಮಾತ್ರ ಅದು ಬೇಡ. ಶಾರ್ಕ್ ಡಾಲ್ಫಿನ್‌ನಂತೆ ಕ್ಲಿಕ್ ಮಾಡಿ ಬೇಟೆ ಹುಡುಕುವುದಿಲ್ಲ, ಇಡೀ ರಾತ್ರಿ ಅಲೆಯ ಸದ್ದು ಕೇಳುತ್ತಾ ಕೂರಬೇಕಾದೀತು.